ಭೇದಿ, ಬಿಟ್ಟು ಬಿಟ್ಟು ಬರುವ ಜ್ವರ: ಮೆಡಿಕಲ್ ಸ್ಟೋರ್ ಕವರ್ ಬಿಚ್ಚಿ ನೋಡಿದರೆ

ಮೈಸೂರಿನ ಕೆ.ಆರ್. ಆಸ್ಪತ್ರೆ ಸುತ್ತಮುತ್ತಲಾಗಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆ ಆಸುಪಾಸಿನಲ್ಲಾಗಲಿ, ಮೆಡಿಕಲ್ ಸ್ಟೋರ್ ಮುಂದೆ ನಿಂತು ‘ಅಣ್ಣಾ, ಮೂರು ದಿನದಿಂದ ಲೂಸ್ ಮೋಷನ್ನು, ಜ್ವರ ಬಿಡುತ್ತೆ, ಮತ್ತೆ ಬರುತ್ತೆ, ಏನಾದ್ರೂ ಕೊಡಿ’ ಅಂದರೆ ಎರಡೇ ನಿಮಿಷದಲ್ಲಿ ಒಂದು ಕಂದು ಕವರ್ ಕೈಗೆ ಬರುತ್ತದೆ. ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ: ಓಆರ್‌ಎಸ್ ಪೊಟ್ಟಣ ಅಥವಾ ಅದರ ಹೆಸರಿಗೆ ಹತ್ತಿರದ ಹೆಸರಿನ ಸಿಹಿ ಪಾನೀಯದ ಟೆಟ್ರಾ ಪ್ಯಾಕ್, ಒಫ್ಲಾಕ್ಸಾಸಿನ್-ಆರ್ನಿಡಜೋಲ್ ಮಾತ್ರೆಯ ಸ್ಟ್ರಿಪ್, ಭೇದಿ ‘ಕಟ್ಟುವ’ ಲೋಪೆರಮೈಡ್, ಜ್ವರಕ್ಕೆ ಪ್ಯಾರಾಸಿಟಮಾಲ್, ಹೊಟ್ಟೆಗೆ ‘ಒಳ್ಳೇ ಬ್ಯಾಕ್ಟೀರಿಯಾ’ ಅಂತ ಒಂದು ಪ್ರೊಬಯಾಟಿಕ್. ಮಗು ಇದ್ದರೆ ಝಿಂಕ್ ಬರಬಹುದು, ಬರದೆಯೂ ಇರಬಹುದು.

ಈ ಕವರಿನ ವಿಮರ್ಶೆ ಇದು. ಮೊದಲೇ ಹೇಳಿಬಿಡುವುದಾದರೆ, ಇದರಲ್ಲಿ ಅತಿ ಅಗ್ಗದ ಸಾಮಾನೇ ಅತಿ ಕೆಲಸದ್ದು. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಮಾತ್ರ ಈ ಕವರಿನಲ್ಲಿ ಮದ್ದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಇದರೊಳಗಿನ ಒಂದು ಸ್ಟ್ರಿಪ್ ಆ ಜ್ವರ ಯಾವುದು ಎಂದು ಪತ್ತೆ ಹಚ್ಚುವ ದಾರಿಯನ್ನೇ ಅಳಿಸಿಹಾಕುತ್ತದೆ.

ಓಆರ್‌ಎಸ್ ಪೊಟ್ಟಣ

ಒಂದು ಲೀಟರಿನ ಪೊಟ್ಟಣದಲ್ಲಿ ಇರಬೇಕಾದದ್ದು ಇಷ್ಟು: ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ, ಸುವಾಸನೆ ಮುಂತಾದ್ದು ಸೇರಿ ಪೊಟ್ಟಣದ ತೂಕ ಸ್ವಲ್ಪ ಹೆಚ್ಚಿರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂಬ ಸಾಲು, ಜೊತೆಗೆ 245 ಎಂಬ ಅಂಕಿ ಕಂಡರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. 245 ಅನ್ನುವುದು ದ್ರಾವಣದಲ್ಲಿ ಕರಗಿರುವ ಉಪ್ಪು-ಸಕ್ಕರೆಯ ಒಟ್ಟು ಸಾಂದ್ರತೆ. 2002ಕ್ಕೆ ಮುಂಚಿನ ಹಳೆಯ ಸೂತ್ರದಲ್ಲಿ ಅದು 311 ಇತ್ತು. ಉಪ್ಪು, ಸಕ್ಕರೆ ಎರಡನ್ನೂ ಇಳಿಸಿದ ಮೇಲೆ ಮಕ್ಕಳಲ್ಲಿ ವಾಂತಿಯೂ ಭೇದಿಯ ಪ್ರಮಾಣವೂ ತಗ್ಗಿದವು, ಡ್ರಿಪ್ಸ್ ಹಾಕಬೇಕಾದ ಪ್ರಸಂಗಗಳೂ ಕಡಿಮೆಯಾದವು.

ಉಪ್ಪು ಮತ್ತು ಸಕ್ಕರೆ ಜೊತೆಯಾಗಿಯೇ ಯಾಕೆ ಬೇಕು? ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಕೈಕೈ ಹಿಡಿದು ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಭೇದಿ ಎಷ್ಟೇ ಜೋರಿದ್ದರೂ ಈ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. ಬರೀ ನೀರು ಕುಡಿದರೆ ಬಾಗಿಲು ತಳ್ಳುವವರಿಲ್ಲ. ಸಕ್ಕರೆ ಮಾತ್ರ ಹೆಚ್ಚಾದರೆ ಉಲ್ಟಾ ಆಗಿ, ಮೈಯೊಳಗಿನ ನೀರೇ ಕರುಳಿಗೆ ಇಳಿದು ಭೇದಿ ಏರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಈ ಉಪ್ಪು-ಸಕ್ಕರೆ ನೀರು ಇಟ್ಟು ಮನೆಯವರ ಕೈಯಲ್ಲೇ ಕುಡಿಸಿದಾಗ, ಕಾಲರಾ ಸಾವು ನೂರಕ್ಕೆ ಮೂವತ್ತರಿಂದ ನಾಲ್ಕರೊಳಗೆ ಇಳಿದಿತ್ತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಇಪ್ಪತ್ತು-ಇಪ್ಪತ್ತೈದು ರೂಪಾಯಿಯ ಪೊಟ್ಟಣ ಅಂತ ಮೂಗು ಮುರಿಯುವವರು ಇದನ್ನು ನೆನಪಿಡಬೇಕು. ಜನೌಷಧಿ ಅಂಗಡಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಬಿಟ್ಟಿ.

ಪೊಟ್ಟಣ ಸೋಲುವುದು ಕಲೆಸುವಾಗ. ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣಗಳಿವೆ: ಒಂದು ಲೀಟರಿಗೆ ದೊಡ್ಡದು, 200 ಮಿಲಿಗೆ ನಾಲ್ಕು ಗ್ರಾಂ ಚಿಲ್ಲರೆಯ ಚಿಕ್ಕದು. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಗಟ್ಟಿಯಾದ ಉಪ್ಪುನೀರು ತಯಾರು. ಹಸುಗೂಸಿಗೆ ಅದನ್ನು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುವ ಮಟ್ಟಕ್ಕೂ ಹೋಗಬಹುದು. ‘ಇವತ್ತು ಅರ್ಧ ಪುಡಿ, ನಾಳೆ ಅರ್ಧ’ ಅನ್ನುವುದೂ ಬೇಡ; ಪುಡಿಯೊಳಗಿನ ಲವಣಗಳು ಪೊಟ್ಟಣದಲ್ಲಿ ಸಮವಾಗಿ ಹರಡಿರುವುದಿಲ್ಲ, ತೇವವೂ ಹಿಡಿಯುತ್ತದೆ. ಮನೆಯ ಚೊಂಬು, ಜಗ್ಗು ನಂಬುವಂತಿಲ್ಲ. ಒಂದು ಲೀಟರ್ ಎಂದು ಬರೆದಿರುವ ಖಾಲಿ ನೀರಿನ ಬಾಟಲಿಯೇ ಅಗ್ಗದ ಅಳತೆ ಪಾತ್ರೆ. ನೀರನ್ನು ಮೊದಲು ಕುದಿಸಿ, ಆರಿಸಿ, ಆಮೇಲೆ ಪುಡಿ ಹಾಕಬೇಕು. ಕಲೆಸಿದ ಮೇಲೆ ಕುದಿಸಬಾರದು, ಸಕ್ಕರೆ ಸೇರಿಸಬಾರದು, ಹಾಲಿಗೆ ಜ್ಯೂಸಿಗೆ ಹಾಕಬಾರದು. 24 ಗಂಟೆ ಕಳೆದದ್ದನ್ನು ಚೆಲ್ಲಿ ಹೊಸದು ಮಾಡಬೇಕು. ಕಣ್ಣೀರಿನ ಉಪ್ಪಿಗಿಂತ ಹೆಚ್ಚು ಉಪ್ಪಿದ್ದರೆ ಕಲೆಸಿದ್ದರಲ್ಲಿ ತಪ್ಪಿದೆ ಎಂದೇ ಅರ್ಥ.

ಎಷ್ಟು ಕುಡಿಸಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿ, ಹತ್ತು ವರ್ಷದವರೆಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕೆನಿಸಿದಷ್ಟು. ಆಗಲೇ ಬಾಯಿ ಒಣಗಿ ಕಣ್ಣು ಗುಳಿ ಬಿದ್ದಿದ್ದರೆ ಕೆ.ಜಿ.ಗೆ 75 ಮಿಲಿ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಒಳಗೆ ಹೋಗಬೇಕು, 12 ಕೆ.ಜಿ. ಮಗುವಿಗೆ 900 ಮಿಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು. ಲೋಟ ಎತ್ತಿ ಗಟಗಟ ಕುಡಿಸಿದ್ದಕ್ಕೇ ಎಷ್ಟೋ ಮಕ್ಕಳು ವಾಂತಿ ಮಾಡುತ್ತವೆ, ಆಮೇಲೆ ‘ಓಆರ್‌ಎಸ್ ಆಗಿಬರಲ್ಲ’ ಅನ್ನುವ ತೀರ್ಮಾನ.

ಇನ್ನೊಂದು ಸಂಗತಿ ಮೊದಲೇ ತಿಳಿದಿರಲಿ: ಓಆರ್‌ಎಸ್ ಭೇದಿ ನಿಲ್ಲಿಸುವುದಿಲ್ಲ. ಹೋದ ನೀರನ್ನು ತುಂಬಿಕೊಡುತ್ತದೆ, ಅಷ್ಟೇ. ನಿಲ್ಲಲಿಲ್ಲ ಎಂದು ಎರಡನೇ ದಿನ ಬಿಟ್ಟವರು ಮೂರನೇ ದಿನ ಡ್ರಿಪ್ಸ್ ಸ್ಟ್ಯಾಂಡ್ ಕೆಳಗೆ ಮಲಗಬೇಕಾಗುತ್ತದೆ.

ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರಿಗೆ ಸಮತಟ್ಟು ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮದ್ದೂರಿನ ಎಳನೀರು ಒಳ್ಳೆಯದೇ, ಪೊಟ್ಯಾಸಿಯಂ ಬೇಕಾದಷ್ಟಿದೆ. ಸೋಡಿಯಂ ಮಾತ್ರ ಸಾಲದು, ಹಾಗಾಗಿ ಓಆರ್‌ಎಸ್ ಜೊತೆಗಿರಲಿ, ಬದಲಿಗೆ ಬೇಡ. ಉಪ್ಪು ಹಾಕಿದ ನೀರು ಮಜ್ಜಿಗೆ, ಅನ್ನದ ಗಂಜಿ ಎರಡಕ್ಕೂ ನಮ್ಮ ಓಟು. ಡಬ್ಬಿಯ ಗ್ಲೂಕೋಸ್ ಪುಡಿ ಬರೀ ಸಕ್ಕರೆ. ಗೋಲಿ ಸೋಡಾ ಬಾಯಾರಿಕೆಗೆ.

ಟೆಟ್ರಾ ಪ್ಯಾಕ್

ಸೇಬು, ಕಿತ್ತಳೆ ಚಿತ್ರದ 200 ಮಿಲಿ ಪ್ಯಾಕು. ಮಕ್ಕಳಿಗೆ ರುಚಿ, ಅಂಗಡಿಗೆ ಲಾಭ. ಹೆಸರಿನಲ್ಲಿ ‘ಓಆರ್‌ಎಸ್’ ಇಟ್ಟುಕೊಂಡು ಮಾರಾಟವಾದ ಇಂಥ ಪಾನೀಯಗಳಲ್ಲಿ ಸಕ್ಕರೆ ನಿಜವಾದ ಓಆರ್‌ಎಸ್‌ನ ಹಲವು ಪಟ್ಟು ಇತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, 2025ರ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿ, ಹಣ್ಣಿನ ಪಾನೀಯ ಮುಂತಾದವುಗಳ ಹೆಸರಿನ ಹಿಂದೆ ಮುಂದೆ ಆ ಮೂರು ಅಕ್ಷರ ಬಳಸುವ ಅನುಮತಿಯನ್ನು ಹಿಂತೆಗೆದುಕೊಂಡಿತು. ಅಲ್ಲಿಯವರೆಗೆ ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಲ್ಲ’ ಎಂಬ ಚಿಕ್ಕ ಅಕ್ಷರದ ಸಾಲೊಂದು ಇದ್ದರೆ ಸಾಕಾಗಿತ್ತು. ಹೆಸರು ಬದಲಾದರೂ ಪ್ಯಾಕಿನ ಬಣ್ಣ, ಜೋಡಿಸಿಡುವ ಕಪಾಟು ಅದೇ ಆಗಿರಬಹುದು. ಲೈಸೆನ್ಸ್ ನಂಬರ್ ನೋಡಿ: ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ತಿಂಡಿ-ಪಾನೀಯದ ಸಾಲಿನದು, ಔಷಧ ತಯಾರಿಕೆ ಲೈಸೆನ್ಸ್ ಇದ್ದರೆ ಮದ್ದು. ಲೀಟರಿಗೆ 13.5 ಗ್ರಾಂ ಅಂದರೆ 200 ಮಿಲಿಗೆ 2.7 ಗ್ರಾಂ ಗ್ಲೂಕೋಸ್. ಅದಕ್ಕಿಂತ ಬಹಳ ಹೆಚ್ಚಿದ್ದರೆ ವಾಪಸ್ ಇಡಿ. ಸರಿಯಾದ ಸೂತ್ರದ್ದೇ ರೆಡಿಮೇಡ್ ದ್ರಾವಣವೂ ಸಿಗುತ್ತದೆ. ಪ್ರಯಾಣದಲ್ಲಿ ಅನುಕೂಲ, ಮನೆಯಲ್ಲಿ ದುಂದು.

ಝಿಂಕ್, ಪ್ರೊಬಯಾಟಿಕ್, ಭೇದಿ ಕಟ್ಟುವ ಮಾತ್ರೆ

ಝಿಂಕ್ ಬಗ್ಗೆ ದೂರಿಲ್ಲ. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳಿನದಕ್ಕೆ 10 ಮಿ.ಗ್ರಾಂ, ಒಟ್ಟು 14 ದಿನ. ಒಂದು ಚಮಚ ನೀರಿಗೋ ಎದೆಹಾಲಿಗೋ ಹಾಕಿದರೆ ಕರಗುವ ಮಾತ್ರೆ. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಬಿಟ್ಟುಬಿಡುವುದು ಎಲ್ಲ ಮನೆಗಳಲ್ಲೂ ಆಗುವ ತಪ್ಪು. ಮುಂದಿನ ಎರಡು-ಮೂರು ತಿಂಗಳು ಭೇದಿ ಮರುಕಳಿಸದಂತೆ ಕಾಯುವುದು ಉಳಿದ ಹನ್ನೊಂದು ದಿನದ ಮಾತ್ರೆ.

ಪ್ರೊಬಯಾಟಿಕ್ಕಿನ ಒಂದು ಪುಟ್ಟ ವಯಲ್‌ಗೆ ಓಆರ್‌ಎಸ್ ಪೊಟ್ಟಣದ ಎರಡು-ಮೂರು ಪಟ್ಟು ಬೆಲೆ. ದೊಡ್ಡ ಅಪಾಯವಿಲ್ಲ, ದೊಡ್ಡ ಉಪಯೋಗವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಪಟ್ಟಿಯಲ್ಲಿರುವುದು ಓಆರ್‌ಎಸ್, ಝಿಂಕ್, ಊಟ. ಕೈಯಲ್ಲಿ ದುಡ್ಡು ಲೆಕ್ಕದ್ದಾದರೆ ಮೊದಲು ಕೈಬಿಡಬೇಕಾದ್ದು ಇದೇ.

ಲೋಪೆರಮೈಡ್ ಬೇರೆ ಕಥೆ. ಕರುಳಿನ ಓಡಾಟವನ್ನು ನಿಧಾನ ಮಾಡುವುದು ಅದರ ಕೆಲಸ. ಜ್ವರವಿಲ್ಲದ, ರಕ್ತವಿಲ್ಲದ ನೀರು ಭೇದಿಯಲ್ಲಿ ದೊಡ್ಡವರು ಬಸ್ ಹತ್ತಲೇಬೇಕಾದಾಗ ಒಂದೆರಡು ಮಾತ್ರೆ ನುಂಗಿದರೆ ಅಡ್ಡಿಯಿಲ್ಲ. ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಮುಟ್ಟಲೇಬಾರದು. ಹೊರಗೆ ಹೋಗಬೇಕಾದ ವಿಷ ಒಳಗೇ ನಿಂತು ದೊಡ್ಡ ಕರುಳು ಊದಿಕೊಳ್ಳುವ ಅಪಾಯವಿದೆ. ಚಿಕ್ಕ ಮಕ್ಕಳಿಗಂತೂ ಬೇಡವೇ ಬೇಡ. ‘ಜ್ವರ ಬಿಟ್ಟು ಬಿಟ್ಟು ಬರ್ತಿದೆ’ ಅಂದವರ ಕವರಿಗೆ ಇದನ್ನು ಹಾಕುವುದು ಕೌಂಟರಿನ ಅತಿ ದೊಡ್ಡ ತಪ್ಪು ಎನ್ನಬಹುದಿತ್ತು, ಇದನ್ನೂ ಮೀರಿಸುವ ಇನ್ನೊಂದು ಸ್ಟ್ರಿಪ್ ಅದೇ ಕವರಿನಲ್ಲಿ ಇಲ್ಲದಿದ್ದರೆ.

ಜೋಡಿ ಆ್ಯಂಟಿಬಯಾಟಿಕ್

ಒಫ್ಲಾಕ್ಸಾಸಿನ್ 200, ಆರ್ನಿಡಜೋಲ್ 500. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಅಮೀಬಾಕ್ಕೆ. ಯಾವುದೆಂದು ಗೊತ್ತಿಲ್ಲ, ಎರಡಕ್ಕೂ ಒಂದೊಂದು ಕಲ್ಲು ಎಸೆಯೋಣ ಅನ್ನುವ ಲೆಕ್ಕ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಇದು. ಆದರೂ ಊರಿನಲ್ಲಿ ಪೆಪ್ಪರ್‌ಮೆಂಟಿನಷ್ಟು ಸಲೀಸಾಗಿ ಸಿಗುತ್ತದೆ.

ನೀರಿನಂತೆ ಹೋಗುವ ಭೇದಿಯಲ್ಲಿ ಹೆಚ್ಚಿನದು ವೈರಸ್ಸಿನದು. ಅದಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡದು. ಬೀಗರೂಟದ ಮಾರನೇ ದಿನ ಹತ್ತು ಮನೆಯವರಿಗೆ ಒಟ್ಟಿಗೆ ಶುರುವಾದರೆ ಗಡಿಯಾರ ನೋಡಿ. ಉಂಡ ಆರು ಗಂಟೆಯೊಳಗೆ ವಾಂತಿ ಜೋರು, ಜ್ವರ ಇಲ್ಲ ಅಂದರೆ ಊಟದಲ್ಲಿ ಆಗಲೇ ತಯಾರಾಗಿದ್ದ ವಿಷ. ಒಂದು ದಿನದಲ್ಲಿ ತಾನೇ ಇಳಿಯುತ್ತದೆ. ಅರ್ಧ ದಿನದಿಂದ ಮೂರು ದಿನದೊಳಗೆ ಜ್ವರ, ಹೊಟ್ಟೆ ನುಲಿತ, ಭೇದಿ ಅಂದರೆ ಕೋಳಿ-ಮೊಟ್ಟೆಯ ಸಾಲ್ಮೊನೆಲ್ಲಾ ಜಾತಿಯದಿರಬಹುದು; ಗಟ್ಟಿ ಆರೋಗ್ಯದವರಲ್ಲಿ ನಾಲ್ಕರಿಂದ ಏಳು ದಿನದಲ್ಲಿ ಮದ್ದಿಲ್ಲದೇ ಗುಣ. ಆ್ಯಂಟಿಬಯಾಟಿಕ್ ನಿಜವಾಗಿ ಬೇಕಾದದ್ದು ಆಮಶಂಕೆಗೆ: ಜ್ವರ, ತಿಣುಕಿದರೂ ಚೂರೇ ಚೂರು, ಲೋಳೆಯ ಜೊತೆ ರಕ್ತ. ಅದು ಸಾಮಾನ್ಯವಾಗಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದ್ದು. ಅಲ್ಲಿ ಒಫ್ಲಾಕ್ಸಾಸಿನ್ ಗುಂಪಿಗೆ ನಮ್ಮ ದೇಶದ ಶಿಗೆಲ್ಲಾ ಬಹಳ ಮಟ್ಟಿಗೆ ಬಗ್ಗುತ್ತಿಲ್ಲ, ವೈದ್ಯರು ಅಜಿಥ್ರೋಮೈಸಿನ್ ಅಥವಾ ಸೆಫಿಕ್ಸಿಮ್ ಕಡೆ ಹೋಗುತ್ತಾರೆ. ಅಂದರೆ ಬೇಡವಾದಲ್ಲಿ ಕೊಡುವ, ಬೇಕಾದಲ್ಲಿ ಸೋಲುವ ಸ್ಟ್ರಿಪ್ ಇದು.

ಬಿಟ್ಟು ಬರುವ ಜ್ವರಕ್ಕೆ ಇದರ ನಂಟು ಇನ್ನೂ ಗಹನ. ಟೈಫಾಯ್ಡ್ ಇರುವವರು ಮೂರು ದಿನ ಈ ಮಾತ್ರೆ ತಿಂದರೆ ರೋಗಾಣು ಸಾಯುವುದಿಲ್ಲ, ರಕ್ತದಲ್ಲಿ ಮಾತ್ರ ಕೆಲದಿನ ತೆಳ್ಳಗಾಗುತ್ತದೆ. ಜ್ವರ ಅರ್ಧ ಇಳಿಯುತ್ತದೆ. ‘ಆರಾಮಾಯ್ತು’ ಎಂದು ನಿಲ್ಲಿಸುತ್ತಾರೆ. ವಾರದಲ್ಲಿ ಜ್ವರ ವಾಪಸ್. ಆಗ ರಕ್ತ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಏನೂ ಬೆಳೆಯದೇ ಹೋಗಬಹುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುವ ಅವಕಾಶವೂ ಹೋಯಿತು. ಬಿಟ್ಟು ಬಿಟ್ಟು ಬರುವ ಎಷ್ಟೋ ಜ್ವರಗಳನ್ನು ತಯಾರಿಸುವುದು ಈ ಅರ್ಧ ಸ್ಟ್ರಿಪ್ಪೇ.

ಪ್ಯಾರಾಸಿಟಮಾಲ್, ಮತ್ತು ಕವರಿನಲ್ಲಿ ಇರಬೇಕಿದ್ದ ಥರ್ಮಾಮೀಟರ್

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕೆ.ಜಿ.ಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಲ್ಲ. ಎಡವಟ್ಟಾಗುವುದು ಸಿರಪ್ಪಿನಲ್ಲಿ: 5 ಮಿಲಿಗೆ 120 ಮಿ.ಗ್ರಾಂ ಇರುವುದೂ ಇದೆ, 250 ಇರುವುದೂ ಇದೆ, ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100. ಹತ್ತು ಕೆ.ಜಿ. ಮಗುವಿಗೆ ಬೇಕಾದ 150 ಮಿ.ಗ್ರಾಂ ಮೊದಲನೆಯದರಲ್ಲಿ ಸುಮಾರು 6 ಮಿಲಿ, ಎರಡನೆಯದರಲ್ಲಿ 3 ಮಿಲಿ, ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿ. ‘ಅರ್ಧ ಮುಚ್ಚಳ’ ಎಂಬ ಅಳತೆಯನ್ನು ಈ ಮೂರಕ್ಕೂ ಹಚ್ಚಿದರೆ ಏನಾಗುತ್ತದೆಂದು ಯೋಚಿಸಿ.

ಜ್ವರ ಬೇಗ ಇಳಿಯಲಿ ಎಂದು ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಸೇರಿಸುವ ಚಾಳಿ ಇದೆ. ಮೈಯಲ್ಲಿ ನೀರು ಕಡಿಮೆ ಇರುವಾಗ ಇವು ಮೂತ್ರಪಿಂಡಕ್ಕೆ ಹೊಡೆತ, ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ದೊಡ್ಡವರ ಸ್ಟ್ರಿಪ್ಪಿನಿಂದ ಮುರಿದು ಅರ್ಧ ಕೊಡುವವರು ಇನ್ನೂ ಇದ್ದಾರೆ.

ಕವರಿಗೆ ಯಾರೂ ಹಾಕದ ಸಾಮಾನು ಡಿಜಿಟಲ್ ಥರ್ಮಾಮೀಟರ್. ಪ್ರೊಬಯಾಟಿಕ್ಕಿನ ದುಡ್ಡಿಗೆ ಇದನ್ನು ಕೊಂಡರೆ ರೋಗ ಪತ್ತೆಗೆ ಅರ್ಧ ದಾರಿ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹತ್ತು: ಮಾತ್ರೆ ನುಂಗುವ ಮುಂಚೆ ಅಳೆದು ಬರೆದಿಡಬೇಕು. ಮಾತ್ರೆ ಯಾವಾಗ ಕೊಟ್ಟದ್ದು ಎಂಬುದೂ ಪಕ್ಕದಲ್ಲಿರಲಿ. ಯಾಕೆಂದರೆ ‘ಬಿಟ್ಟು ಬರುವ ಜ್ವರ’ ಎಂದು ಹೇಳಿಕೊಂಡು ಬರುವ ಅನೇಕವು ಹಾಗಿರುವುದೇ ಇಲ್ಲ. ಮಾತ್ರೆಗೆ ಇಳಿದು, ಅದರ ಪ್ರಭಾವ ಮುಗಿದ ಆರನೇ ಗಂಟೆಗೆ ಏರುವುದು ಒಂದೇ ಜ್ವರದ ಮುಂದುವರಿಕೆ. ನಿಜವಾಗಿ ಮರುಕಳಿಸುವುದು ಬೇರೆ. ದಿನ ಬಿಟ್ಟು ದಿನ ನಡುಕದೊಂದಿಗೆ ಬಂದರೆ ಮಲೇರಿಯಾ. ಮೆಟ್ಟಿಲು ಮೆಟ್ಟಿಲಾಗಿ ಏರಿ ವಾರವಾದರೂ ಇಳಿಯದಿದ್ದರೆ ಟೈಫಾಯ್ಡ್. ಸಂಜೆ ಹೊತ್ತಿಗೆ 100 ಡಿಗ್ರಿ ಸುತ್ತ ಸುಳಿದು ರಾತ್ರಿ ಬೆವರಿದರೆ ಕ್ಷಯ. ಇವು ಅನುಮಾನದ ದಿಕ್ಕುಗಳಷ್ಟೇ, ತೀರ್ಪಲ್ಲ. ಎಷ್ಟೋ ಮಲೇರಿಯಾ ದಿನವೂ ಬರುತ್ತದೆ.

ಲ್ಯಾಬಿನ ‘ಫೀವರ್ ಪ್ಯಾಕೇಜ್’

ಕವರ್ ಕೈಕೊಟ್ಟ ಮೇಲೆ ಜನ ಹೋಗುವುದು ಲ್ಯಾಬಿಗೆ. ಪಟ್ಟಿ ಉದ್ದ, ಬೇಕಾದ ಒಂದು ಮಾತ್ರ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ: ರಕ್ತ ಕಲ್ಚರ್. ಅದರ ಜಾಗದಲ್ಲಿ ವೈಡಾಲ್ ಕೂತಿರುತ್ತದೆ.

ವೈಡಾಲ್ ಟೈಫಾಯ್ಡ್ ಪತ್ತೆಗೆಂದು ಬಂದ 1896ರ ಪರೀಕ್ಷೆ. ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುತ್ತದೆ. ನಮ್ಮಂಥ ಟೈಫಾಯ್ಡ್ ಓಡಾಡುವ ಊರಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಅದು ಒಂದಿಷ್ಟು ಇರುತ್ತದೆ. ಹಿಂದೊಮ್ಮೆ ಬಂದು ಹೋಗಿದ್ದರೂ, ಬೇರೆ ಸಾಲ್ಮೊನೆಲ್ಲಾ ಸೋಂಕಾಗಿದ್ದರೂ, ಮಲೇರಿಯಾದಲ್ಲೂ ಕೂಡ ಪಾಸಿಟಿವ್ ತೋರಬಹುದು. ಜ್ವರದ ಮೊದಲ ವಾರದಲ್ಲಿ ನಿಜವಾದ ಟೈಫಾಯ್ಡ್ ಇದ್ದರೂ ನೆಗೆಟಿವ್ ಬರಬಹುದು. ವರದಿಯಲ್ಲಿ ಪ್ರತಿಕಾಯದ ಮಟ್ಟ 1:80 ಎಂದಿರುವುದನ್ನು ನೋಡಿ ‘ಟೈಫಾಯ್ಡ್ ಸ್ವಲ್ಪ ಇದೆ’ ಅನ್ನುವುದು ಮೈಸೂರು-ಮಂಡ್ಯ ಕಡೆಯ ಬಲು ಜನಪ್ರಿಯ ರೋಗನಿರ್ಣಯ. ‘ಸ್ವಲ್ಪ ಟೈಫಾಯ್ಡ್’ ಎಂಬ ಕಾಯಿಲೆ ಇಲ್ಲ. ಗುಣವಾಯಿತೋ ಇಲ್ಲವೋ ನೋಡಲು ಮತ್ತೆ ವೈಡಾಲ್ ಮಾಡಿಸುವುದು ಇನ್ನೂ ದಂಡ; ಅಂಕಿ ತಿಂಗಳುಗಟ್ಟಲೆ ಇಳಿಯದೆ ನಿಲ್ಲುತ್ತದೆ, ಅದನ್ನು ನೋಡಿ ಇನ್ನೊಂದು ಸುತ್ತು ಇಂಜೆಕ್ಷನ್.

ಕಲ್ಚರ್‌ಗೆ ದೊಡ್ಡವರಿಂದ 8-10 ಮಿಲಿ ರಕ್ತ ಬೇಕು. ಎರಡು ಮಿಲಿ ಎಳೆದು ‘ಆಯ್ತು’ ಅಂದರೆ ಕೇಳಿ, ಯಾಕೆಂದರೆ ಟೈಫಾಯ್ಡ್‌ನಲ್ಲಿ ರಕ್ತದೊಳಗಿನ ರೋಗಾಣು ಬಹಳ ವಿರಳ. ಆ್ಯಂಟಿಬಯಾಟಿಕ್ಕಿನ ಮೊದಲ ಮಾತ್ರೆಗೆ ಮುಂಚೆ, ಮೊದಲ ವಾರದಲ್ಲಿ ಕೊಟ್ಟರೆ ಫಲ ಹೆಚ್ಚು. ಆದರೂ ನಿಜವಾದ ಟೈಫಾಯ್ಡ್‌ನಲ್ಲಿ ಅರ್ಧದಷ್ಟು ಸಲ ಮಾತ್ರ ಬೆಳೆಯುತ್ತದೆ; ನೆಗೆಟಿವ್ ಅಂದಾಕ್ಷಣ ಅಲ್ಲ ಎನ್ನುವಂತಿಲ್ಲ. ಬೆಳೆದರೆ ಯಾವ ಔಷಧ ನಾಟುತ್ತದೆ ಎಂಬ ಪಟ್ಟಿ ಕೈಗೆ ಬರುತ್ತದೆ, ಅದಕ್ಕೇ ಇಷ್ಟು ದುಡ್ಡು. ರಕ್ತ ಕೊಟ್ಟ ಮೇಲೆ ವರದಿಗೆ ಕಾಯದೆ ವೈದ್ಯರು ಅಂದೇ ಚಿಕಿತ್ಸೆ ಶುರುಮಾಡಬಹುದು: ಅಜಿಥ್ರೋಮೈಸಿನ್ ಏಳು ದಿನ, ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ 10ರಿಂದ 14 ದಿನ. ಸರಿಯಾದ ಔಷಧ ಬಿದ್ದರೂ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಬೇಕು. ಎರಡನೇ ದಿನಕ್ಕೇ ‘ಈ ಡಾಕ್ಟ್ರ ಕೈಗುಣ ಸರಿಯಿಲ್ಲ’ ಎಂದು ಆಸ್ಪತ್ರೆ ಬದಲಿಸುವವರು ಪ್ರತಿ ಸಲವೂ ಚಿಕಿತ್ಸೆಯ ಲೆಕ್ಕವನ್ನು ಸೊನ್ನೆಯಿಂದ ಶುರುಮಾಡಿಸುತ್ತಾರೆ. ಗುಣವಾಗಿ ಎರಡು-ಮೂರು ವಾರಕ್ಕೆ ಜ್ವರ ಮರಳಿದರೆ ಅದು ಮರುಕಳಿಕೆ, ಮತ್ತೆ ಕಲ್ಚರ್. ಮೂರನೇ ವಾರದಲ್ಲಿ ಹಠಾತ್ ಹೊಟ್ಟೆನೋವು, ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು ಅಂದರೆ ಕರುಳು ತೂತಾಗಿರಬಹುದು. ಅದು ಆಪರೇಷನ್ ಕೇಸು, ಗಂಟೆಗಳ ಲೆಕ್ಕ.

ಪ್ಯಾಕೇಜಿನಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಎರಡು. ಒಂದು, ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ: ಬಿಳಿ ಕಣ ಮಾಮೂಲು ಅಥವಾ ಕಡಿಮೆ ಇದ್ದರೆ ಟೈಫಾಯ್ಡ್, ವೈರಸ್, ಬಹಳ ಏರಿದ್ದರೆ ಎಲ್ಲೋ ಕೀವು, ಪ್ಲೇಟ್ಲೆಟ್ ಇಳಿದಿದ್ದರೆ ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್ ಕಡೆ ಕಣ್ಣು. ಎರಡು, ಮಲೇರಿಯಾ ಸ್ಮಿಯರ್, ಅಂದರೆ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕರಾವಳಿಗೆ, ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋಗಿ ಬಂದವರಲ್ಲಿ ಇದನ್ನು ಬಿಡಬಾರದು. ಒಮ್ಮೆ ನೆಗೆಟಿವ್ ಬಂದರೆ ಸಾಲದು, 12ರಿಂದ 24 ಗಂಟೆ ಬಿಟ್ಟು ಮತ್ತೆ, ಹೀಗೆ ಮೂರು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಮೂರು ದಿನದ ಕ್ಲೋರೊಕ್ವಿನ್ ಜೊತೆಗಿನ 14 ದಿನದ ಪ್ರಿಮಾಕ್ವಿನ್ ಬಿಟ್ಟವರಿಗೆ ತಿಂಗಳುಗಳ ಮೇಲೆ ಜ್ವರ ಮರಳುತ್ತದೆ. ರೋಗಾಣು ಯಕೃತ್ತಿನಲ್ಲಿ ಮಲಗಿರುತ್ತದೆ. ಪ್ರಿಮಾಕ್ವಿನ್‌ಗೆ ಮುಂಚೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೇ ಎಂಬ ಪರೀಕ್ಷೆ ಮರೆಯಬಾರದು.

ಡೆಂಗಿಗೆ ಮೊದಲ ಐದು ದಿನ ಎನ್‌ಎಸ್1 (ವೈರಸ್ಸಿನ ಪ್ರೋಟೀನ್ ಹುಡುಕುವ ಪರೀಕ್ಷೆ), ಆಮೇಲೆ ಐಜಿಎಂ (ಪ್ರತಿಕಾಯ ಹುಡುಕುವುದು). ಜ್ವರ ಇಳಿದ ದಿನವೇ ಹೊಟ್ಟೆನೋವು, ವಾಂತಿ ಹೆಚ್ಚಾದರೆ ಅದೇ ಅಪಾಯದ ಘಟ್ಟ.

ಪ್ಯಾಕೇಜ್ ಮರೆಯುವ ಇನ್ನೆರಡು ಮಂಡ್ಯದ ಗದ್ದೆ ಬದಿಯ ಜನಕ್ಕೆ ಮುಖ್ಯ. ಗದ್ದೆ, ಕಬ್ಬಿನ ಹೊಲದ ಕೆಸರಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಜ್ವರದ ಜೊತೆ ಮೀನಖಂಡ ಮುಟ್ಟಿದರೂ ನೋವು, ಕಣ್ಣು ಕೆಂಪು ಆದರೆ ಇಲಿಜ್ವರ. ಪೊದೆ, ಹುಲ್ಲಿನಲ್ಲಿ ಓಡಾಡಿದವರಲ್ಲಿ ಕಂಕುಳು, ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಕಂಡರೆ ಸ್ಕ್ರಬ್ ಟೈಫಸ್. ನೋವಿಲ್ಲದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ, ಬಟ್ಟೆ ಸರಿಸಿ ನೋಡಬೇಕು. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ ಕೊಟ್ಟರೆ ಎರಡು ದಿನದಲ್ಲಿ ಜ್ವರ ಇಳಿಯುವುದೇ ಅದರ ಇನ್ನೊಂದು ಸುಳಿವು. ಈ ಎರಡರಲ್ಲೂ ಭೇದಿ, ವಾಂತಿ ಇರಬಹುದು, ಹೊಟ್ಟೆ ಕೆಟ್ಟದ್ದು ಅಂದುಕೊಂಡೇ ವಾರ ಕಳೆಯುತ್ತದೆ.

ಮೋಷನ್ ಟೆಸ್ಟ್‌ಗೆ ಕೊಡುವ ಮಾದರಿ ತಾಜಾ ಇರಬೇಕು, ಒಂದು ಗಂಟೆಯೊಳಗೆ ಲ್ಯಾಬಿಗೆ, ಮೂತ್ರ-ನೀರು ಬೆರೆಯದಂತೆ. ರಾತ್ರಿ ಹಿಡಿದಿಟ್ಟು ಬೆಳಿಗ್ಗೆ ಒಯ್ದರೆ ಓಡಾಡುವ ಅಮೀಬಾ ಸತ್ತು, ವರದಿಯಲ್ಲಿ ಏನೂ ಇಲ್ಲ ಎಂದೇ ಬರುತ್ತದೆ.

ಎರಡು ವಾರ ದಾಟಿದರೆ

ಇಲ್ಲಿಂದ ಮುಂದೆ ಕವರಿನ ವಿಮರ್ಶೆಯೇ ಅಪ್ರಸ್ತುತ. ಬಲಪಕ್ಕೆಯ ಕೆಳಗೆ ನೋವು, ಚಳಿ ಹಿಡಿದು ಏರಿಳಿಯುವ ಜ್ವರ, ಕೆಲವು ವಾರದ ಹಿಂದೆ ಆಮಶಂಕೆ ಆಗಿತ್ತು (ಆಗದೆಯೂ ಇರಬಹುದು) ಅಂದರೆ ಯಕೃತ್ತಿನಲ್ಲಿ ಅಮೀಬಾದ ಕೀವುಗಡ್ಡೆ. ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಮೆಟ್ರೊನಿಡಜೋಲ್ 7-10 ದಿನ, ಬಳಿಕ ಕರುಳಿನೊಳಗೆ ಉಳಿದದ್ದಕ್ಕೆ ಡಿಲೊಕ್ಸನೈಡ್ 10 ದಿನ. ಈ ಎರಡನೆಯದನ್ನು ಬಿಟ್ಟರೆ ಕಾಯಿಲೆ ಮರಳಿ ಬರುತ್ತದೆ.

ಸಂಜೆ ಜ್ವರ, ತೂಕ ಇಳಿತ, ಬಲ ಕೆಳಹೊಟ್ಟೆ ನೋವು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಅಂದರೆ ಕರುಳಿನ ಕ್ಷಯ ನೆನಪಾಗಬೇಕು. ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ನಳಿಗೆ ಇಳಿಸುವುದು) ಮಾಡಿ ಚೂರು ತೆಗೆದು ಪರೀಕ್ಷಿಸಬೇಕು. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯೂ ಹೆಚ್ಚುಕಮ್ಮಿ ಹೀಗೇ ಕಾಣುವುದರಿಂದ ಅಂದಾಜಿನಲ್ಲಿ ಮಾತ್ರೆ ಶುರುಮಾಡುವುದು ದುಬಾರಿ ತಪ್ಪು. ಕ್ಷಯವೇ ಆದರೆ ಆರು ತಿಂಗಳ ಔಷಧ ಸರ್ಕಾರದ್ದು, ಉಚಿತ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಪಿಕೆಟಿಬಿ ಆಸ್ಪತ್ರೆ ಇರುವುದೇ ಕ್ಷಯ-ಎದೆ ರೋಗಗಳಿಗೆ. ತಿಂಗಳು ಮೀರಿದ ಭೇದಿ-ಜ್ವರದಲ್ಲಿ ಎಚ್‌ಐವಿ ಪರೀಕ್ಷೆಗೂ ನಾಚಿಕೆ ಪಡಬೇಕಿಲ್ಲ; ಸರ್ಕಾರಿ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ತಿಂದ ಮೇಲೆ ಶುರುವಾದ ಭೇದಿಗೆ ಆ ಔಷಧವೇ ಕಾರಣವಿರಬಹುದು.

ಒಂದು ಬಾಟಲ್ ಗ್ಲೂಕೋಸ್

‘ಸುಸ್ತು, ಒಂದ್ ಬಾಟ್ಲು ಹಾಕಿಬಿಡಿ ಸಾರ್.’ 500 ಮಿಲಿಯ ಶೇ 5ರ ಡೆಕ್ಸ್ಟ್ರೋಸ್‌ನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು ನೂರು ಕ್ಯಾಲೊರಿ. ಉಪ್ಪಿಲ್ಲ. ನಿರ್ಜಲೀಕರಣಕ್ಕೆ ಬೇಕಾದ್ದು ಲವಣಗಳಿರುವ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಸ್, ಅದೂ ಕುಡಿಯಲಾಗದಷ್ಟು ನಿತ್ರಾಣವಾದಾಗ: ಕೆ.ಜಿ.ಗೆ 100 ಮಿಲಿ, ದೊಡ್ಡವರಲ್ಲಿ ಮೂರು ಗಂಟೆಯೊಳಗೆ, ವರ್ಷದೊಳಗಿನ ಕೂಸಿಗೆ ಆರು ಗಂಟೆಯಲ್ಲಿ. ಕುಡಿಯಬಲ್ಲವರಿಗೆ ಬಾಟಲಿಗೂ ಪೊಟ್ಟಣಕ್ಕೂ ಫಲ ಒಂದೇ, ಬಿಲ್ಲು ಬೇರೆ.

ಊಟ ನಿಲ್ಲಿಸುವುದು ಹಳೆಯ ತಪ್ಪು. ಮೆತ್ತಗಿನ ಮೊಸರನ್ನ, ರಾಗಿ ಗಂಜಿ, ಬಾಳೆಹಣ್ಣು, ಇಡ್ಲಿ ನಡೆಯುತ್ತದೆ, ಎದೆಹಾಲು ನಿಲ್ಲಿಸಲೇಬಾರದು. ಖಾರ, ಎಣ್ಣೆ, ಜ್ಯೂಸು ನಾಲ್ಕು ದಿನ ಬೇಡ. ನೀರು ಕುದಿಸಿದ್ದೇ ಆಗಿರಲಿ. 2024ರ ಮೇನಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ವಾಂತಿಭೇದಿ ಊರಿಗೆ ಊರನ್ನೇ ಹಿಡಿದದ್ದು ಕುಡಿಯುವ ನೀರು ಕೆಟ್ಟಿದ್ದರಿಂದ. ಟೈಫಾಯ್ಡ್‌ಗೆ ಒಂದೇ ಡೋಸಿನ ಕಾಂಜುಗೇಟ್ ಲಸಿಕೆ ಆರು ತಿಂಗಳ ಮಗುವಿನಿಂದಲೇ ಹಾಕಿಸಬಹುದು, ಹೋಟೆಲ್, ಪಿ.ಜಿ. ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೂ ಹಾಕಿಸುವುದು ಲೇಸು.

ಆಸ್ಪತ್ರೆಗೆ ತಡಮಾಡದೆ ಹೊರಡಬೇಕಾದದ್ದು: ಮಲದಲ್ಲಿ ರಕ್ತ, ಆರೆಂಟು ಗಂಟೆ ಮೂತ್ರವಿಲ್ಲ, ಮಗು ಜೋಂಪು ಹತ್ತಿ ಕುಡಿಯಲು ಏಳುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಮೂರು ದಿನ ದಾಟಿದ ಜ್ವರ. ಮೂರು ತಿಂಗಳೊಳಗಿನ ಕೂಸು, ಬಸುರಿ, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಮೂರು ದಿನವೂ ಕಾಯಬಾರದು. ಮೈಸೂರಿನಲ್ಲಿ ಮಕ್ಕಳಿಗೆ ಚೆಲುವಾಂಬ, ದೊಡ್ಡವರಿಗೆ ಕೆ.ಆರ್.; ಮಂಡ್ಯದವರಿಗೆ ಮಿಮ್ಸ್. ಹೊರಡುವಾಗ ಥರ್ಮಾಮೀಟರ್ ಬರೆದಿಟ್ಟ ಹಾಳೆ ಜೊತೆಗಿರಲಿ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನು ಎಸೆಯದೆ ಅದೇ ಕಂದು ಕವರಿಗೆ ಹಾಕಿ ಒಯ್ಯಿರಿ. ‘ಬಿಳಿ ಮಾತ್ರೆ, ಉದ್ದಕ್ಕಿತ್ತು’ ಅಂದರೆ ಡ್ಯೂಟಿ ಡಾಕ್ಟರಿಗೆ ಯಾವುದೆಂದು ತಿಳಿಯುವುದಿಲ್ಲ, ಸ್ಟ್ರಿಪ್ಪಿನ ಹಿಂಬದಿ ಓದಿದರೆ ಕಲ್ಚರ್ ವರದಿಯನ್ನು ಎಷ್ಟು ನಂಬಬಹುದು ಎಂಬುದು ಅಲ್ಲೇ ತಿಳಿಯುತ್ತದೆ.